ತಮ್ಮನನ್ನು ಮುಂದಿನ ಡೆಕ್ಕಿಗೆ ಕಳಿಸಿದ್ದು

ಬಬಲೇಶ್ವರದಲ್ಲಿ ಹುಟ್ಟಿದವನಿಗೆ ಸಮುದ್ರದ ಉಸಾಬರಿ ಯಾಕೆ ಬೇಕಿತ್ತು ಅಂತ ವಿಜಯಪುರದ ಚಹಾದಂಗಡಿಯಲ್ಲಿ ಈಗಲೂ ಕೇಳುತ್ತಾರೆ. ಹೊಟ್ಟೆಗೆ ಬೇಕಿತ್ತು, ಮತ್ತೇನು? ಸರಕಿನ ಹಡಗಿನಲ್ಲಿ ನಾನು ಬೋಸನ್, ಅಂದರೆ ಖಲಾಸಿಗಳ ಮುಕಾದಮ. ಚಿಗವ್ವನ ಮಗ, ವಾವೆಯಲ್ಲಿ ನನ್ನ ತಮ್ಮ; ಅವನನ್ನೂ ನಾನೇ ಕರೆದೊಯ್ದು ಖಲಾಸಿ ಕೆಲಸಕ್ಕೆ ಹಚ್ಚಿದ್ದೆ. ಬಾವಿಯಲ್ಲಿ ಈಜಿದ್ದು ಬಿಟ್ಟರೆ ಅವನಿಗೆ ನೀರು ಗೊತ್ತಿರಲಿಲ್ಲ.

ನಮ್ಮ ಕ್ಯಾಪ್ಟನ್ನನಿಗೆ ಕಂಪನಿ ಆಫೀಸಿನ ದೊಡ್ಡ ಕುರ್ಚಿಯ ಆಸೆ. ಅದೇ ಕುರ್ಚಿಗೆ ಕಣ್ಣಿಟ್ಟಿದ್ದ ಇನ್ನೊಬ್ಬ ಕ್ಯಾಪ್ಟನ್ನನ ಹಡಗು ನಮಗಿಂತ ಮುಂದಿತ್ತು. ಬಿರುಗಾಳಿಯ ಎಚ್ಚರಿಕೆ ಬಂತು. ಸುತ್ತು ಹಾಕಿ ಹೋಗೋಣ ಎಂದ ಕೈಕೆಳಗಿನ ಅಧಿಕಾರಿಯನ್ನು ಹೇಡಿ ಎಂದು ಬೈದು, ನಮ್ಮವನು ಹಡಗನ್ನು ನೆಟ್ಟಗೆ ಗಾಳಿಯ ಬಾಯಿಗೇ ನುಗ್ಗಿಸಿದ. ಭಾಡ್ಯಾ! ಇವತ್ತಿಗೂ ನನ್ನ ಬಾಯಲ್ಲಿ ಅವನಿಗೆ ಬೇರೆ ಹೆಸರಿಲ್ಲ.

ಮರುದಿನ ಮಧ್ಯಾಹ್ನ ಮುಂದಿನ ಡೆಕ್ಕಿನಲ್ಲಿ ಸರಕು ಬಿಗಿದ ಸರಪಳಿ ಸಡಿಲಾಯಿತು. ವೇಗ ತಗ್ಗಿಸಿದ್ದರೆ ನಾಲ್ಕು ಜನ ಸೇರಿ ಬಿಗಿಯಬಹುದಿತ್ತು. ಕ್ಯಾಪ್ಟನ್ ತಗ್ಗಿಸಲಿಲ್ಲ. ಒಬ್ಬನನ್ನು ಕಳಿಸು ಎಂದು ನನಗೆ ಫೋನಿನಲ್ಲಿ ಹೇಳಿದ. ಆಗುವುದಿಲ್ಲ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನನಗೂ ಆಫೀಸರ್ ಆಗುವ ಹುಚ್ಚು. ಶಿಫಾರಸು ಬರೆಯುವವನು ಅವನೇ. ನುಂಗಿಕೊಂಡೆ.

ಕಾರವಾರದ ಖಲಾಸಿ ಮುಖಕ್ಕೆ ಹೊಡೆದಂತೆ ಒಲ್ಲೆ ಎಂದ. ಕಡಲು ಬಲ್ಲವನು. ನಮ್ಮ ಮನೆಗಳಲ್ಲಿ ಹಿರಿಯರಿಗೆ ಒಲ್ಲೆ ಅನ್ನುವ ರೂಢಿಯಿಲ್ಲ. ಅದು ಗೊತ್ತಿದ್ದೇ ತಮ್ಮನ ಕಡೆ ತಿರುಗಿದೆ.

"ಹೋಗ್ಲೇನಣ್ಣಾ?"

"ಹೋಗು. ಲಗೂನ ಬಾ."

ಸರಪಳಿಯವರೆಗೆ ಹೋದದ್ದು ಕಂಡಿತು. ಡೆಕ್ಕಿನ ಮೇಲೆ ಒಂದು ತೆರೆ ಹಾಯ್ದು ಇಳಿದಾಗ ಅವನು ಅಲ್ಲಿರಲಿಲ್ಲ. ಹೆಣ ಕೂಡ ಸಿಗಲಿಲ್ಲ. ಕ್ಯಾಪ್ಟನ್ ಆ ಕುರ್ಚಿಯಲ್ಲಿ ಆರಾಮ ಕುಳಿತಿದ್ದಾನಂತೆ.

ಊರಿಗೆ ಬಂದಾಗ ಚಿಗವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕುಳಿತಳು.

"ನೀ ಜೋಡಿ ಅದಿ ಅಂತ ನನಗ ಧೈರ್ಯ ಇತ್ತು, ಯಪ್ಪಾ. ಅಂಥಾ ಗಾಳ್ಯಾಗ ನನ್ನ ಮಗನ್ನ ಕಳಿಸ್ಯಾನಲ್ಲ, ಆ ಕ್ಯಾಪ್ಟನ್ ಮನಷ್ಯಾ ಹೌದೋ ಅಲ್ಲೋ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂತು.

"ಕಳಿಸಿದಾಂವ ನಾ, ಚಿಗವ್ವಾ. ಹೋಗ್ಲೇನು ಅಂತ ಅಂವ ನನ್ನ ಕೇಳಿದ್ದ. ಹೋಗು ಅಂದೆ."

ಉಣ್ಣುವವನು ವೈರಿಯೇ ಆಗಿದ್ದರೂ ಅವನ ಮುಂದಿನ ತಾಟನ್ನು ನಮ್ಮ ಕಡೆ ಯಾರೂ ಎಳೆಯುವುದಿಲ್ಲ. ಚಿಗವ್ವ ಎಳೆದುಕೊಂಡಳು. ಮುರಿದ ತುತ್ತು ನನ್ನ ಕೈಯಲ್ಲೇ ಇತ್ತು.