ನಾಲ್ಕು ಗೀರು, ಒಂದು ಕಚ್ಚು

ಬೆಳಗಿನ ಆರು ಗಂಟೆ. ಬಡಗಿ ಒಟ್ಮಾರ್ ಕ್ನಾಪ್ ಅಂಗಳದಲ್ಲಿ ಮಂಡಿಯೂರಿ, ಗೋಡೆ ವಾಲದಂತೆ ತಡೆಯುವ ಓರೆಮರದ ಮೇಲಿನ ಗೀರುಗಳನ್ನು ಬೆರಳಿನಿಂದ ಎಣಿಸುತ್ತಿದ್ದಾರೆ. ನಾಲ್ಕು. ಅದು ಒತ್ತು ಕೊಡಬೇಕಾದ ಕಂಬದ ಮೇಲೂ ನಾಲ್ಕು. ಜೋಡಿ ಸರಿಯಿದೆ, ಆದರೂ ನಡುವೆ ಹೆಬ್ಬೆರಳಷ್ಟು ಸಂದು.

"ತಲೆ ಕೆಟ್ಟು ಕೆರ ಹಿಡಿದೋಗಿದೆ," ಎನ್ನುತ್ತಾರೆ. "ಅಷ್ಟು ದೊಡ್ಡ ಮೇಸ್ತ್ರಿ ಹಿಂಗ್ಯಾಕ್ ಮಾಡ್ದ?"

ಆ ಮೇಸ್ತ್ರಿ ವೈಡೆನ್‌ಬುರ್ಗ್‌ನ ಈ ಮನೆ ಕಟ್ಟಿದ್ದು 1487ರಲ್ಲಿ. ಬೀದಿಯ ಮೇಲೆ ಚಾಚಿದ ಮಹಡಿ, ಓಕ್ ಮರದ ಚೌಕಟ್ಟು, ನಡುವೆ ಹೆಣೆದ ಕಡ್ಡಿ, ಹುಲ್ಲು ಬೆರೆಸಿದ ಜೇಡಿಮಣ್ಣು. ಕಬ್ಬಿಣದ ಒಂದು ಮೊಳೆಯೂ ಇಲ್ಲ, ಕೂಡಿಕೆಗಳಿಗೆಲ್ಲ ಮರದ ಗೂಟವೇ. ಮರಗಳನ್ನು ನೆಲದ ಮೇಲೆ ಜೋಡಿಸಿ, ಯಾವುದಕ್ಕೆ ಯಾವುದೆಂದು ಗೀರು ಹಾಕಿ, ಬಿಚ್ಚಿ ತಂದು ನಿಲ್ಲಿಸುತ್ತಿದ್ದ ಕಾಲ ಅದು. ಈಗ ಅಡಿತೊಲೆ ಕೊಳೆತಿರುವುದರಿಂದ ಒಟ್ಮಾರ್ ಎರಡು ಗೋಡೆ ಬಿಚ್ಚಿದ್ದಾರೆ. ಮೂವತ್ತೆಂಟು ವರ್ಷದ ಕಸುಬು, ಎಡ ಹೆಬ್ಬೆರಳಿನ ತುದಿಯಿಲ್ಲ, ದಿನಕ್ಕೆ ನಲವತ್ತು ಮರದ ಗೂಟ ಕೈಯಲ್ಲೇ ಕೆತ್ತುತ್ತಾರೆ. ಊರಿನ ಅರ್ಧ ಮನೆಗಳು ಅವರ ಕೈಯಿಂದ ನಿಂತಿವೆ. ಯಾವ ಫಲಕದಲ್ಲೂ ಅವರ ಹೆಸರಿಲ್ಲ.

ಮನೆಯೊಡತಿ ಹೆಡ್ವಿಗ್ ಕೆಳಗೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ. ಗೋಡೆ ವಾಲಿರುವುದರಿಂದ ಅವರ ಮಹಡಿಯ ಕಿಟಕಿ ಪ್ರತಿ ಅಕ್ಟೋಬರ್‌ನಲ್ಲಿ ಬಿಗಿದುಕೊಳ್ಳುತ್ತದೆ. ಒಟ್ಮಾರ್ ಬಂದು ಅಂಚು ಹೆರೆದು, ಪ್ಲಮ್ ಕೇಕ್ ತಿಂದು ಹೋಗುತ್ತಾರೆ. ಗೋಡೆ ಹೀಗೇ ವಾಲುತ್ತಿದ್ದರೆ ಮಹಡಿಯೇ ಉಳಿಯುವುದಿಲ್ಲ.

ಕಟ್ಟಡ ಸಂರಕ್ಷಣೆಯ ಅಧಿಕಾರಿಯದು ಒಂದೇ ಮಾತು. "ಹಳೇ ಮೇಸ್ತ್ರಿ ಹಾಗೇ ಇಟ್ಟಿದ್ರೆ ಮುಟ್ಟೋ ಹಾಗಿಲ್ಲ. ಆಮೇಲೆ ಯಾರೋ ಮಾಡಿದ ತಪ್ಪಾದ್ರೆ ಸರಿಪಡಿಸಿ. ಮಧ್ಯಾಹ್ನ ಕ್ರೇನ್ ಬರೋದ್ರೊಳಗೆ ಹೇಳ್ಬೇಕು."

ಒಟ್ಮಾರ್ ಎದ್ದು ಕೂರುತ್ತಾರೆ, ಮತ್ತೆ ಬಗ್ಗುತ್ತಾರೆ. ಏನೂ ತೋಚದೆ ಚಾಕುವಿನಿಂದ ಹಳೆಯ ಸುಣ್ಣ ಕೆರೆಯುತ್ತಾರೆ. ನಾಲ್ಕನೇ ಗೀರಿನ ಪಕ್ಕ ಸಣ್ಣದೊಂದು ಕಚ್ಚು ಕಾಣುತ್ತದೆ.

"ಕಚ್ಚು ಇದ್ರೆ ಅಂಗಳದ ಗೋಡೆ, ಇಲ್ದಿದ್ರೆ ಬೀದಿ ಗೋಡೆ. ಇದು ಬೀದಿ ಗೋಡೇಲಿತ್ತಲ್ಲ!"

ಎರಡು ಗೋಡೆಗಳ ನಾಲ್ಕನೇ ಓರೆಮರಗಳು ಅದಲುಬದಲಾಗಿವೆ. ಮಾಡಿದವರು ಯಾರು? ಅಲ್ಲಿಂದ ಕಿತ್ತ ಗೂಟವನ್ನು ಬೆಳಕಿಗೆ ಹಿಡಿಯುತ್ತಾರೆ. ಎಂಟು ಮುಖ, ತುದಿ ಓರೆ. ತುದಿಯಿಲ್ಲದ ಹೆಬ್ಬೆರಳಿನಿಂದ ಒತ್ತಿ ಕೆತ್ತಿದರೆ ಮಾತ್ರ ಹಾಗೆ ಬರುತ್ತದೆ. ಮೂವತ್ತು ವರ್ಷದ ಹಿಂದೆ ಇದೇ ಗೋಡೆಯನ್ನು ರಿಪೇರಿ ಮಾಡಿದವರು ಅವರೇ.

ಗೂಟವನ್ನು ಜೇಬಿಗಿಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಧಿಕಾರಿ ಬಂದಾಗ ಅದನ್ನು ಅವರ ಅಂಗೈಯಲ್ಲೇ ಇಡುತ್ತಾರೆ.

"ಮೇಸ್ತ್ರಿ ತಪ್ಪಿಲ್ಲ ಸಾರ್, ನಂದು. ಸುಣ್ಣ ಕೆರೆದು ನೋಡೋ ತಾಳ್ಮೆ ಇರ್ಲಿಲ್ಲ. ಹಾಗೇ ಬರ್ಕೊಳ್ಳಿ."

ತಮ್ಮ ತಮ್ಮ ಗೋಡೆಗೆ ಮರಳಿದ ಮರಗಳು ಎರಡೇ ಏಟಿಗೆ ಕೂರುತ್ತವೆ. ಬಾಗಿಲಲ್ಲಿ ನಿಂತ ಹೆಡ್ವಿಗ್‌ಗೆ ನಗು ತಡೆಯಲಾಗುವುದಿಲ್ಲ.

"ಅಂದ್ರೆ ಮೂವತ್ತು ವರ್ಷ ನಿನ್ ತಪ್ಪನ್ನೇ ಬಂದು ಬಂದು ಹೆರೀತಿದ್ಯೇನೋ? ಅದಕ್ಕೆ ನಾನು ಕೇಕ್ ಬೇರೆ ಹಾಕ್ದೆ!"

ಒಟ್ಮಾರ್ ಟೋಪಿ ತೆಗೆದು ಮಹಡಿಯ ಕಿಟಕಿಯತ್ತ ನೋಡುತ್ತಾರೆ.

"ಹೆರೆದೂ ಹೆರೆದೂ ಅದು ಸಣ್ಣಗಾಗಿದೆ. ಗೋಡೆ ನೆಟ್ಟಗಾದ್ರೆ ಗಾಳಿ ನುಗ್ಗುತ್ತೆ. ಹೊಸದು ಮಾಡ್ಕೊಡ್ತೀನಿ," ಎಂದವರು ಕೇಳುತ್ತಾರೆ, "ಆದ್ರೂ ಅಕ್ಟೋಬರಲ್ಲಿ ಬರ್ಲಾ?"