ನಲವತ್ತನಾಲ್ಕನೆಯ ಜೋಡಿ

ಕಬ್ಬಿಣದ ಬೀರು ಮಾಡುವ ಆ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಪಟ್ಟಿ ಮೇಡಂ. ಐದು ಶಾಖೆಗಳ ಸಾಮಾನು, ಗಿರಾಕಿ, ಕೆಲಸಗಾರರು, ಎಲ್ಲದರ ವಿವರವೂ ಒಂದೇ ಮೂಲಪಟ್ಟಿಯಲ್ಲಿರಬೇಕು, ಯಾವುದೂ ಎರಡು ಸಲ ಇರಕೂಡದು. ಇಪ್ಪತ್ತು ವರ್ಷದಿಂದ ಅದನ್ನು ಕಾಯುವುದೇ ಅವಳ ಕೆಲಸ. ಒಂದೇ ತಿರುಪು ಐದು ಶಾಖೆಯಲ್ಲಿ ಐದು ಹೆಸರಿಟ್ಟುಕೊಂಡು ಮೆರೆಯುತ್ತಿದ್ದರೆ ಅವಳಿಗೆ ಮೈಯೆಲ್ಲ ಉರಿ. ಮನೆಯಲ್ಲೂ ಅಷ್ಟೇ.

"ನಮ್ಮನೇಲಿ ಎರಡು ಬಾಚಣಿಗೆ ಕಂಡ್ರೆ ಒಂದು ಮಾಯ ಆಗತ್ತೆ. ಸದ್ಯ, ಗಂಡ ಒಬ್ನೇ ಇದ್ದಿದ್ದಕ್ಕೆ ನಾನು ಬಚಾವು," ಎಂದು ಗಂಡ ರೇಗಿಸುತ್ತಿದ್ದ.

ಹೋದ ತಿಂಗಳು ಕೆಲಸಗಾರರ ಸರದಿ ಬಂತು. ಒಂದು ಶಾಖೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಇನ್ನೊಂದರಲ್ಲಿ ಶಾಲೆಯ ಹೆಸರು ಕೊಟ್ಟು ಎರಡು ಕಡೆ ಸೇರಿಕೊಂಡವರು ಬೇಕಾದಷ್ಟಿದ್ದರು. ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್ ನಂಬರು ನಾಲ್ಕೂ ಹೊಂದಿದರೆ ಇಬ್ಬರಲ್ಲ, ಒಬ್ಬನೇ ಎಂಬುದು ನಿಯಮ. ಹಾಗೆ ನಲವತ್ತಮೂರು ಜೋಡಿಗಳನ್ನು ಒಂದಾಗಿಸಿದಳು. ನಲವತ್ತನಾಲ್ಕನೆಯದಕ್ಕೆ ಯಾಕೋ ಅನುಮಾನ ಬಂದು ಫೋಟೋಗಳನ್ನೂ ನೋಡಿದಳು. ಅದೇ ಮೂಗು, ಅದೇ ಮೀಸೆ. ಇನ್ನೇನು ಬೇಕು ಹೇಳಿ?

"ಅಯ್ಯೋ ಭೂಪ, ಎರಡು ಕಡೇನೂ ಕೂತಿದೀಯಾ!" ಎಂದು ನಕ್ಕು ಗುಂಡಿ ಒತ್ತಿದಳು.

ಮರುದಿನ ಗೋದಾಮಿನ ಗೇಟು ಒಬ್ಬನ ಕಾರ್ಡಿಗೆ ತೆರೆಯಲಿಲ್ಲ. ಅವನ ಅಣ್ಣ ರಸ್ತೆಯಾಚೆಯ ಇನ್ನೊಂದು ಶಾಖೆಯ ಶೆಡ್ಡಿನಲ್ಲಿ ಬೀರುಗಳಿಗೆ ಬಣ್ಣ ಹೊಡೆಯುವವನು. ಇಬ್ಬರೂ ಅವಳಿಗಳು. ಪಟ್ಟಿ ಬಿಟ್ಟು ಒಂದು ದಿನವಾದರೂ ಆ ಕಡೆ ತಲೆ ಹಾಕಿದ್ದರೆ ಅವಳಿಗೂ ಗೊತ್ತಿರುತ್ತಿತ್ತು.

ಆ ತಮ್ಮನೇ ಕೆಲಸಕ್ಕೆ ಬಾರದ ಕಾರ್ಡು ಹಿಡಿದು ಮೇಜಿನ ಮುಂದೆ ಬಂದು ನಿಂತಾಗಲೇ ಅವಳಿಗೆ ತಾನು ಮಾಡಿದ್ದು ತಿಳಿದದ್ದು. ಸೇರಿಸಿದ್ದನ್ನು ಬಿಡಿಸಲು ದಾರಿಯಿಲ್ಲ. ಹೊಸಬನೆಂದು ಬರೆಯೋಣವೆಂದರೆ ನಲವತ್ತು ದಾಟಿದವರನ್ನು ಕಂಪ್ಯೂಟರು ಒಪ್ಪದು, ಅವನಿಗೆ ಐವತ್ತೆರಡು. ಕೇಂದ್ರ ಕಚೇರಿಗೆ ಫೋನ್ ಮಾಡಿದಳು.

"ಪಟ್ಟಿ ಪ್ರಕಾರ ಒಬ್ರೇ ಇರೋದು ಮೇಡಂ," ಎಂದ ಅಲ್ಲಿನ ಗುಮಾಸ್ತ.

"ಇನ್ನೊಬ್ರು ನನ್ನ ಕಣ್ಮುಂದೆ ನಿಂತಿದಾರೆ ಕಣ್ರೀ!"

"ನಿಂತಿರ್ಲಿ. ಒಂದ್ಸಲ ಸೇರಿಸಿದ್ದನ್ನ ಯಾರೂ ಬಿಡಿಸ್ಬಾರ್ದು ಅಂತ ಹಟ ಹಿಡಿದಿದ್ದು ನೀವೇ ಅಲ್ವಾ?"

ಅದೂ ನಿಜ. ಕಂಡಕಂಡವರು ಕೈಯಾಡಿಸಿ ಪಟ್ಟಿ ಕೆಡಿಸುತ್ತಾರೆಂದು ಜಗಳವಾಡಿ ಆ ನಿಯಮ ಮಾಡಿಸಿದವಳು ಅವಳೇ. ಆ ನಿಯಮ ಸಡಿಲಿಸಿ ಎಂದು ಹನ್ನೊಂದು ಪತ್ರ ಬರೆದಳು. ಮ್ಯಾನೇಜರು ಕೈಚೆಲ್ಲಿದರು.

"ಬದುಕಿರೋ ಮನುಷ್ಯನ್ನ ಅಳಿಸಿಬಿಟ್ಟೆ ಕಣ್ರೀ," ಎಂದು ಗಂಡನ ಮುಂದೆ ಅತ್ತಳು.

ಎರಡು ವಾರ ಕಳೆದ ಮೇಲೆ ಅಣ್ಣತಮ್ಮ ಒಟ್ಟಿಗೇ ಬಂದರು. ಅಣ್ಣನೇ ಬಾಯಿಬಿಟ್ಟ.

"ನನ್ನ ಕಾರ್ಡು ಇದೆಯಲ್ಲಮ್ಮಾ. ಒಂದಿನ ನಾನು, ಒಂದಿನ ಇವನು. ನೀವು ಯಾರಿಗೂ ಹೇಳ್ಬೇಡಿ, ಅಷ್ಟೇ."

"ಒಬ್ಬರ ಕೆಲಸದಲ್ಲಿ ಎರಡು ಸಂಸಾರ ಹೇಗಪ್ಪಾ ನಡಿಯತ್ತೆ?"

"ಮತ್ತೇನ್ಮಾಡೋಣ, ನೀವೇ ಹೇಳಿ."

ಅವಳು ಆ ವಿಷಯ ಯಾರಿಗೂ ಹೇಳಲಿಲ್ಲ.

ಮೊನ್ನೆ ಬೆಳಿಗ್ಗೆ ಮನಸ್ಸು ತಡೆಯದೆ ಬಣ್ಣದ ಶೆಡ್ಡಿನ ಗೇಟಿಗೆ ಹೋದಳು. ಅವಳಿಗಳಲ್ಲೊಬ್ಬ ಕಾವಲುಗಾರನಿಗೆ ಕಾರ್ಡು ತೋರಿಸುತ್ತಿದ್ದ.

"ಇವತ್ತು ಯಾರಪ್ಪಾ, ಅಣ್ಣನೋ ತಮ್ಮನೋ?" ಎಂದು ಮೆಲ್ಲಗೆ ಕೇಳಿದಳು.

ಕಾವಲುಗಾರ ಇತ್ತ ತಿರುಗಿದ. ಕಾರ್ಡು ಹಿಡಿದವನು ಅದನ್ನು ಜೇಬಿಗೆ ಹಾಕಿಕೊಂಡು, ತಲೆ ತಗ್ಗಿಸಿ ಹೇಳಿದ:

"ಪಟ್ಟೀಲಿ ಇರೋನು ಅಮ್ಮಾ."