ಎರಡು ಪಾಲಾದ ಕೌಲು ಪತ್ರ

ಎಂಬತ್ತರ ದಶಕದ ಮೊದಲಲ್ಲಿ ನಾನು ಕೊಟ್ಟೂರಿನಲ್ಲಿ ಇತಿಹಾಸದ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಭಾನುವಾರ ಬಂದರೆ ಬಸ್ಸು ಹತ್ತಿ ಹಳೆಯ ಕಾಗದ ಹುಡುಕಲು ಹೊರಡುತ್ತಿದ್ದೆ. ಯಾಕೆ ಎಂದು ಕೇಳಿದವರಿಗೆ ಸಂಶೋಧನೆ ಎನ್ನುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ಅವು ಬೇಕಾಗಿದ್ದವು, ಅಷ್ಟೇ. ಕ್ರಯಪತ್ರ, ಪಾಲುಪತ್ರ, ರಾಣಿಯ ಮುಖದ ಛಾಪಾ ಕಾಗದ. ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಅವೇ ಹೆಚ್ಚಿದ್ದವು.

ಎಲ್ಲಕ್ಕಿಂತ ಆಸೆಯಿದ್ದದ್ದು ಕೌಲು ಪತ್ರದ ಮೇಲೆ. ಈ ಸೀಮೆ ಕುಂಪಣಿ ಸರ್ಕಾರದ ಕೈಗೆ ಬಂದ ಹೊಸತರಲ್ಲಿ ಎಷ್ಟೋ ಊರುಗಳು ಹಾಳುಬಿದ್ದಿದ್ದವು. ಬಂದು ನೆಲೆಸಿ ಬೀಳು ಒಡೆಯಿರಿ, ಕೆಲವು ವರ್ಷ ಕಂದಾಯ ಕೇಳುವುದಿಲ್ಲ ಎಂದು ಬರೆದುಕೊಟ್ಟ ಮಾತೇ ಕೌಲು.

ಅಂಥದೊಂದು ಹಂಪಸಾಗರದ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಸಿಕ್ಕಿತು. ಮನೆಯಲ್ಲಿದ್ದದ್ದು ಎಪ್ಪತ್ತು ದಾಟಿದ ಅಜ್ಜಿ. ಜಂತಿಗೆ ಸಿಕ್ಕಿಸಿದ್ದ ಬಿದಿರಿನ ಕೊಳವೆಯನ್ನು ಇಳಿಸಿ ನನ್ನ ಮಡಿಲಿಗೇ ಹಾಕಿದಳು.

"ಒಯ್ದು ಓದ್ರಿ. ಆದ್ರ ಬಾವಿ ಯಾರ್ದು ಅಂತ ಬರದೈತಿ, ಅದನ್ನ ನನಗ ಹೇಳಬೇಕು."

ಬಾವಿ ಇದ್ದದ್ದು ಪಕ್ಕದ ಮನೆಯ ಹಿತ್ತಲಲ್ಲಿ. ಅದು ದಾಯಾದಿಗಳ ಮನೆ. ಈಗ ಅಲ್ಲಿನ ಯಜಮಾನಿ ವರಸೆಯಲ್ಲಿ ಈ ಅಜ್ಜಿಯ ವಾರಗಿತ್ತಿ. ಆ ಬೇಸಿಗೆಯಲ್ಲಿ ಅವಳು ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದಳು. ಕಾಗದದ ಪ್ರಕಾರ ಬಾವಿ ತನ್ನದೇ ಎನ್ನುತ್ತಿದ್ದಳಂತೆ. ಅಜ್ಜಿ ನೋಯುವ ಮಂಡಿ ಹಿಡಿದುಕೊಂಡು ಊರಾಚೆಯ ಕಾಲುವೆಯಿಂದ ಕೊಡ ಹೊರುತ್ತಿದ್ದಳು.

ಕೂಡಿಸಿ ಬರೆಯುವ ಮೋಡಿ ಅಕ್ಷರ ಓದುವುದನ್ನು ಹರಪನಹಳ್ಳಿಯ ಹಿರಿಯ ಕರಣಿಕರೊಬ್ಬರಿಂದ ಕಲಿತಿದ್ದೆ. ಕಲಿತಿದ್ದೇನೆ ಎಂದುಕೊಂಡಿದ್ದೆ. ಮೂರು ವಾರ ಕೂತರೂ ಈ ಕಾಗದ ಅರ್ಥವಾಗಲಿಲ್ಲ. 'ನೀವು ಬಂದು ನೆಲೆ' ಎಂದು ಒಂದು ಸಾಲು ನಿಲ್ಲುತ್ತದೆ. ಕೆಳಗೆ 'ಕಳ್ಳಕಾಕರ ಭಯಕ್ಕೆ'. ಅದರ ಕೆಳಗೆ 'ಒಂದು ಬಾವಿ'. ಆಮೇಲೆ ಇದ್ದಕ್ಕಿದ್ದಂತೆ 'ಮಕ್ಕಳು ಮೊಮ್ಮಕ್ಕಳು'. ಒಂದೊಂದು ಪದವೂ ತಿಳಿಯುತ್ತಿತ್ತು. ಎರಡು ಸಾಲು ಸೇರಿದರೆ ಏನೂ ತಿಳಿಯುತ್ತಿರಲಿಲ್ಲ. ಬಲ ಅಂಚಿನ ಅರಿಷಿಣವನ್ನು ಪೂಜೆಯ ಗುರುತು ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬರೆದವನಿಗೆ ಬುದ್ಧಿ ನೆಟ್ಟಗಿರಲಿಲ್ಲವೇ, ನನಗೆ ಓದಲು ಬರುವುದಿಲ್ಲವೇ ಎಂಬ ಗೊಂದಲದಲ್ಲೇ ಅಜ್ಜಿಯ ಮನೆಗೆ ಹೋಗಿ ಕೊಳವೆ ಮರಳಿಸಿ ತಪ್ಪೊಪ್ಪಿಕೊಂಡೆ.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಅರ್ಧಾನ ಓದಿದ್ರ ಹೆಂಗ ತಿಳೀತೈತ್ರಿ? ಉಳಿದದ್ದು ಆ ಮನ್ಯಾಗ ಐತಿ."

"ಮೊದಲೇ ಹೇಳಬಾರದಿತ್ತೇ?"

"ಓದಿದವ್ರಿಗೆ ಏನ್ ಹೇಳೂದು ಅಂದ್ಕಂಡೆ."

ಗಂಡನ ಅಜ್ಜಂದಿರು ಅಣ್ಣತಮ್ಮ ಪಾಲಾದಾಗ ತೊಲೆ, ಬಾಗಿಲು, ನೇಗಿಲು ಎಲ್ಲವನ್ನೂ ಸರಿಸಮ ಹಂಚಿಕೊಂಡರಂತೆ. ಕೌಲು ಪತ್ರ ಊರು ಕಟ್ಟಿದ ಹಿರಿಯರ ಗುರುತು. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಹಿರಿಯರೇ ಇಲ್ಲದಂತಾಗುತ್ತದೆ. ಆದ್ದರಿಂದ ಅದನ್ನು ಮೇಲಿನಿಂದ ಕೆಳಗೆ ನೆಟ್ಟಗೆ ಹರಿದು, ಎಡಭಾಗ ಅಣ್ಣನಿಗೆ, ಬಲಭಾಗ ತಮ್ಮನಿಗೆ ಕೊಟ್ಟಿದ್ದರು. ಓದಲು ಅದು ಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ವಾರಗಿತ್ತಿಯ ಮನೆಗೆ ಹೋದೆ. "ಆಕಿ ಕಳಿಸಿದ್ಲೇನ್ರಿ?" ಎಂದು ಕೂರಲು ಚಾಪೆ ಹಾಸಿದಳು. "ನಮ್ಮದು ಮಹಾನವಮಿಗೆ ಬಿಟ್ರ ಕೆಳಗ ಇಳಸಂಗಿಲ್ಲ. ಅವತ್ತ ಬರ್ರಿ. ಆಕಿ ತನ್ನ ಅರ್ಧಾನ ತಾನ ತರ್ಲಿ."

ಮಹಾನವಮಿಯ ಬೆಳಿಗ್ಗೆ ಅಜ್ಜಿ ಕೊಳವೆ ಸೆರಗಿನಲ್ಲಿ ಮುಚ್ಚಿಕೊಂಡು ಆ ಹೊಸ್ತಿಲು ದಾಟಿದಳು. ಮಣೆಯ ಮೇಲೆ ಎರಡೂ ಚೂರುಗಳನ್ನು ಪಕ್ಕಪಕ್ಕ ಬಿಡಿಸಿದೆ.

"ನಿನ್ನ ಅರ್ಧಕ್ಕ ಇಲಿ ಬಿದ್ದಾವಲ್ಲಲೇ," ಎಂದಳು ವಾರಗಿತ್ತಿ.

"ನಿಂದಕ್ಕ ದೀಪದ ಎಣ್ಣಿ ಕುಡಿಸಿಯಲ್ಲ, ಅದನ್ನ ನೋಡ್ಕ."

ಸಾಲುಗಳು ಕೂಡಿದವು. ಆದರೆ ನಡುವೆ ಪೂರ್ತಿ ಹಳದಿ. ಹರಿದ ಅಂಚು ಕಾಗದಕ್ಕಾದ ಗಾಯ ಎಂದು ಎರಡೂ ಮನೆಯವರು ಪ್ರತಿವರ್ಷ ಅಲ್ಲಿಗೇ ಅರಿಷಿಣ ಕಲಸಿ ಹಚ್ಚಿದ್ದರು. ಆ ಕಡೆ ಒಂದು ಹೆಬ್ಬೆರಳಗಲ, ಈ ಕಡೆ ಒಂದು ಹೆಬ್ಬೆರಳಗಲ, ಅಕ್ಷರವೇ ಇರಲಿಲ್ಲ. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಇದ್ದದ್ದನ್ನಷ್ಟೇ ಓದಿದೆ: "ಒಂದು ಬಾವಿ... ನಡೆಸಿಕೊಂಡು ಬರುವುದು."

"ನಡುವ ಏನೈತ್ರಿ?" ಎಂದಳು ಅಜ್ಜಿ.

"ಅರಿಷಿಣ," ಎಂದೆ. ನಗಿಸಲು ಹೇಳಿದ್ದಲ್ಲ; ಇಬ್ಬರೂ ನಕ್ಕರು. ಒಳ್ಳೆಯ ಮಸೂರ ಸಿಕ್ಕರೆ ಒಂದೆರಡು ಅಕ್ಷರ ಕಂಡೀತು, ಆದರೆ ಎರಡೂ ಚೂರು ನನ್ನ ಹತ್ತಿರ ಇರಬೇಕು, ಸಮಯ ಬೇಕು ಎಂದೆ.

ವಾರಗಿತ್ತಿ ತನ್ನ ಚೂರನ್ನು ಸುತ್ತಿ ನನ್ನ ಕಡೆ ಸರಿಸಿದಳು. ಆಮೇಲೆ ಸೊಂಟದ ಬೀಗದಕೈ ಬಿಚ್ಚಿದಳು. "ಬಾವಿ ನಂದಲ್ಲ ಅಂತ ಬಂತಂದ್ರ ಮುಖ ಎಲ್ಲಿ ಇಟ್ಕಳ್ಳಿ? ಇವ್ರು ಓದಿ ಮುಗಸೂತನಕ ತುಂಬ್ಕಂಡು ಹೋಗು."

"ನಂದ ಅಂತ ಬಂದ್ರ?" ಎಂದಳು ಅಜ್ಜಿ.

"ಆವಾಗ ನೀನ ಬೀಗ ಹಾಕ್ಕ, ಹೋಗಲೇ."

ನಾನು ಆಸೆಪಟ್ಟ ಕೌಲು ಹೀಗೆ ಇಡಿಯಾಗಿ ನನ್ನ ಟ್ರಂಕಿಗೆ ಬಂತು, ನನ್ನದಾಗದೆ. ಮಸೂರ ಕೊಂಡೆ. ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದಾಗ ಹಳದಿಯ ಅಡಿಯಲ್ಲಿ ಒಂದು ಗೆರೆ ಕಂಡಂತಾಯಿತು. ತಕ್ಷಣವೇ ಮಸೂರ ಕೆಳಗಿಟ್ಟೆ. ಕಣ್ಣು ದಣಿದಿತ್ತೋ, ನಾನೇ ಹಾಗೆ ಮಾಡಿದೆನೋ, ಈಗಲೂ ನನಗೆ ಗೊತ್ತಿಲ್ಲ. ತರಗತಿಯಲ್ಲಿ ಮಾತ್ರ, ದಾಖಲೆಯಲ್ಲಿ ಇರುವುದನ್ನು ಕೊನೆಯ ಅಕ್ಷರದವರೆಗೂ ನೋಡಬೇಕು ಎಂದು ಹೇಳುತ್ತಲೇ ಇದ್ದೆ.

ಆ ಕಡೆ ಹೋದಾಗಲೆಲ್ಲ ಅಜ್ಜಿ ಆ ಹಿತ್ತಲಲ್ಲಿ ಹಗ್ಗ ಜಗ್ಗುತ್ತಲೇ ಕೂಗುತ್ತಿದ್ದಳು: "ಆತೇನ್ರಿ, ಓದೂದು?"

"ಇನ್ನೂ ಇಲ್ಲ," ಎನ್ನುತ್ತಿದ್ದೆ. ಒಮ್ಮೆ ನನ್ನ ಮಾತು ಮುಗಿಯುವ ಮೊದಲೇ ವಾರಗಿತ್ತಿ ಒಳಗಿನಿಂದ ಹೇಳಿದಳು: "ಅವಸರ ಮಾಡಬ್ಯಾಡ್ರಿ."